ಗೇಟಿನ ಎದುರಿಗೆ ಒಂದು ಫ್ಲೆಕ್ಸ್

ಮೊಟ್ಟೆ, ಹೌದು, ಮೊಟ್ಟೆ ಬೇಯುತ್ತಿರುವ ವಾಸನೆಯೇ ಇದು, ಬಿಸಿಯೂಟದ ಅಡುಗೆಮನೆ ಹಿಂದುಗಡೆ ಎಲ್ಲೋ ಇರಬೇಕು, ಗಾಳಿ ಬೀಸಿದಾಗಲೆಲ್ಲ ಹೆಡ್‌ಮಿಸ್ಟ್ರೆಸ್ ಕೋಣೆಯ ಪರದೆ ಹಾರುತ್ತದೆ, ವಾಸನೆ ಬರುತ್ತದೆ, ಹೋಗುತ್ತದೆ, ಇರಲಿ, ಮಕ್ಕಳಿಗೆ ಮೊಟ್ಟೆ ಕೊಡುವ ಶಾಲೆ, ಒಳ್ಳೆಯದೇ — ಗಗನಾ ಮೂಗು ಮುಚ್ಚಿಕೊಂಡಿಲ್ಲ, ಅದೂ ಒಳ್ಳೆಯದೇ, ಮಗಳು ಬೆಂಚಿನ ತುದಿಯಲ್ಲಿ ಕೂತು ಅಂಗಳ ನೋಡುತ್ತಿದ್ದಾಳೆ, ಬೆಂಚಿಗೆ ಒಂದು ಕಾಲು ಗಿಡ್ಡ, ಅವಳು ಸ್ವಲ್ಪ ಮಿಸುಕಿದರೂ ನನಗೆ ತಿಳಿಯುತ್ತದೆ, ಇವತ್ತು ಆಸ್ಪತ್ರೆಗೆ ರಜೆ ಹಾಕಿ ಬಂದಿದ್ದೇನೆ, ಆದರೆ ನನ್ನ ಕಣ್ಣು ರಜೆ ಹಾಕುವುದಿಲ್ಲ, ಚೆನ್ನೈನ ಪೋರೂರಿನ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುವವಳು ನಾನು, ಎಲ್ಲಿ ಹೋದರೂ ಮೊದಲು ಕಾಣುವುದು ತಪ್ಪೇ, ಅಗೋ ಗೋಡೆಗೆ ನೇತುಹಾಕಿದ ಕೆಂಪು ಬಕೆಟ್ಟಿನಲ್ಲಿ ಮರಳಿಲ್ಲ, ಬಿಸ್ಕತ್ತಿನ ಕಾಗದವಿದೆ, ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿದೆ, ಮೆಟ್ಟಿಲಿನ ಒಂದು ಪಕ್ಕಕ್ಕೆ ಕಂಬಿಯೇ ಇಲ್ಲ, ನಮ್ಮ ವಾರ್ಡಿನಲ್ಲಾಗಿದ್ದರೆ ಇನ್‌ಚಾರ್ಜ್ ನರ್ಸಿಗೆ ನಿಂತ ನಿಲುವಿನಲ್ಲೇ ಬೆವರಿಳಿಸುತ್ತಿದ್ದೆ, ಇಲ್ಲಿ ಮಾತ್ರ ಕಂಡೂ ಕಾಣದವಳಂತೆ ಕೂತಿದ್ದೇನೆ, ಮನಸ್ಸಿನಲ್ಲೇ ಪಾಸು ಮಾಡುತ್ತಿದ್ದೇನೆ, ಬಕೆಟ್ ಪಾಸು, ಸಿಲಿಂಡರ್ ಪಾಸು, ಮೆಟ್ಟಿಲು ಪಾಸು, ಈ ಸರ್ಕಾರಿ ಶಾಲೆ ಪಾಸಾಗಲೇಬೇಕು, ಇದು ಪಾಸಾದರೆ ತಾನೇ ಆ ಹೆಂಗಸು ಫೇಲಾಗುವುದು.

ಆ ಹೆಂಗಸು, ಕರೆಸ್ಪಾಂಡೆಂಟ್ ಮೇಡಂ, ಈ ಊರಿನಲ್ಲಿ ಖಾಸಗಿ ಶಾಲೆ ನಡೆಸುವವರನ್ನು ಹಾಗೆ ಕರೆಯುತ್ತಾರೆ, ನಾವು ಮಂಡ್ಯ ಬಿಟ್ಟು ಬಂದಾಗ ಗಗನಾ ನಾಲ್ಕನೇ ಕ್ಲಾಸು, ಅವತ್ತಿನಿಂದ ಒಂಬತ್ತು ಮುಗಿಯುವವರೆಗೂ ಆ ಶಾಲೆಯೇ, ನಾನೇ ಆಸ್ಪತ್ರೆಯಲ್ಲಿ ಸಿಕ್ಕಿದವರಿಗೆಲ್ಲ ಅಲ್ಲೇ ಸೇರಿಸಿ ಅಲ್ಲೇ ಸೇರಿಸಿ ಎಂದು ಬಿಟ್ಟಿ ಪ್ರಚಾರ ಮಾಡಿದ್ದು, ಹೋದ ತಿಂಗಳು ಕರೆಸಿದಳು, ಎಸಿ ಕೋಣೆ, ಗಾಜಿನ ಮೇಜು, ಹಿಂದಿನ ಗೋಡೆಯ ತುಂಬ ಹತ್ತನೇ ಕ್ಲಾಸಿನಲ್ಲಿ ಮೊದಲು ಬಂದವರ ಮುಖಗಳು, ಎಲ್ಲರ ಎದೆಯ ಕೆಳಗೆ ಅವರವರ ಅಂಕ, ನನಗೆ ಕುರ್ಚಿ ತೋರಿಸಿದಳು, ಗಗನಾಗೆ ತೋರಿಸಲಿಲ್ಲ, ಅವಳು ನಿಂತೇ ಇದ್ದಳು — ನಮ್ಮದು ನೂರಕ್ಕೆ ನೂರು ರಿಸಲ್ಟಿನ ಶಾಲೆ ಮೇಡಂ, ಯೂ ಅಂಡರ್‌ಸ್ಟ್ಯಾಂಡ್, ನಿಮ್ಮ ಮಗು ಒಳ್ಳೆಯ ಮಗು, ಬಟ್ ಮ್ಯಾಥ್ಸ್‌ನಲ್ಲಿ ತುಂಬಾ ಸ್ಲೋ, ಪಬ್ಲಿಕ್ ಪರೀಕ್ಷೆಯಲ್ಲಿ ಒಬ್ಬಳು ಹೋದರೂ ನಮ್ಮ ನೂರು ಹೋಯಿತು, ನೀವಾಗಿಯೇ ಟಿಸಿ ತೆಗೆದುಕೊಂಡರೆ ಒಂಬತ್ತನೇ ಕ್ಲಾಸು ಪಾಸು ಎಂದೇ ಬರೆದುಕೊಡುತ್ತೇವೆ, ಇಲ್ಲ ಅಂದರೆ ನಮ್ಮ ಕೈಯಲ್ಲಿಲ್ಲ — ಅಷ್ಟು ಹೇಳಿ ಮೂಗಿನ ತುದಿಯ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿಕೊಂಡಳು, ನನ್ನ ಮಗಳನ್ನು ಗಡೀಪಾರು ಮಾಡಿ ಕನ್ನಡಕ ಸರಿಮಾಡಿಕೊಂಡಳು, ಮತ್ತೆ ನಾನು, ಡಾಕ್ಟರುಗಳ ಮುಖಕ್ಕೇ ಹೊಡೆದ ಹಾಗೆ ಮಾತಾಡುವ ನಾನು, ಎದ್ದು ನಿಂತು ಥ್ಯಾಂಕ್ಯೂ ಮೇಡಂ ಅಂದೆ, ಥ್ಯಾಂಕ್ಯೂ, ಆ ಮಾತು ಇನ್ನೂ ಗಂಟಲಲ್ಲೇ ಮೀನಿನ ಮುಳ್ಳಿನ ಹಾಗೆ ಕೂತಿದೆ, ಅವತ್ತು ಸಂಜೆಯೇ ಕ್ಲಾಸಿನ ವಾಟ್ಸಾಪ್ ಗುಂಪಿನಿಂದ ಗಗನಾ ಹೆಸರನ್ನು ಕಿತ್ತುಹಾಕಿದರು, ಹುಟ್ಟುಹಬ್ಬಕ್ಕೆಂದು ಮನೆಗೆ ಬಂದು ಕೇಕು ತಿಂದು ಹೋದ ಹುಡುಗಿಯರಲ್ಲಿ ಒಬ್ಬಳಾದರೂ ಫೋನು ಮಾಡಬೇಕಲ್ಲ, ಇಲ್ಲ, ಗಗನಾ ಫೋನನ್ನು ಮಗುಚಿ ಇಟ್ಟು ಊಟಕ್ಕೆ ಬಂದಳು, ಏನಾಯ್ತೇ ಅಂದರೆ ಒಣ್ಣುಮಿಲ್ಲಮ್ಮಾ ಅಂದಳು, ಏನೂ ಇಲ್ಲವಂತೆ, ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಉತ್ತರ ಕೊಡುವುದು, ನಮ್ಮ ಮನೆಯ ಪದ್ಧತಿಯೇ ಹಾಗಾಗಿದೆ.

ಬಿಡುವುದಿಲ್ಲ, ನಾನಂತೂ ಬಿಡುವುದಿಲ್ಲ, ಮುಂದಿನ ವರ್ಷ ಮೇ ತಿಂಗಳು ಬರಲಿ, ಆ ಶಾಲೆಯ ಗೇಟಿನ ಎದುರಿಗೆ ಒಂದು ಟೀ ಅಂಗಡಿ ಇದೆ, ಅದರ ಮಾಳಿಗೆಯ ಮೇಲೆ ರಾಜಕೀಯದವರ ಫ್ಲೆಕ್ಸ್ ಹಾಕುವ ಕಬ್ಬಿಣದ ಚೌಕಟ್ಟಿದೆ, ನೋಡಿಕೊಂಡು ಬಂದಿದ್ದೇನೆ, ಹೋದ ಶನಿವಾರ ಅಲ್ಲಿ ನಿಂತು ಟೀ ಕುಡಿಯುವ ನೆಪದಲ್ಲಿ ತಲೆಯೆತ್ತಿ ಅಳತೆ ಅಂದಾಜು ಮಾಡಿದ್ದೇನೆ, ಅಲ್ಲಿ ಗಗನಾ ಮುಖ ಬರಬೇಕು, ಕರೆಸ್ಪಾಂಡೆಂಟ್ ಕಾರು ಗೇಟಿನಿಂದ ಹೊರಗೆ ಬಂದ ತಕ್ಷಣ ಎದುರಾಗಬೇಕು, ನೇರಳೆ ಬಣ್ಣದ ಚೂಡಿದಾರದ ಫೋಟೋ ಬೇಡ, ಅದರಲ್ಲಿ ಹಲ್ಲು ಜಾಸ್ತಿ ಕಾಣುತ್ತದೆ, ಯೂನಿಫಾರ್ಮಿನದೇ ಇರಲಿ, ಸರ್ಕಾರಿ ಶಾಲೆಯ ಯೂನಿಫಾರ್ಮು, ಎರಡು ಜಡೆ, ರಿಬ್ಬನ್ನು, ಕೆಳಗೆ ಅಂಕ, ಅದರ ಕೆಳಗೆ ಸರ್ಕಾರಿ ಶಾಲೆಯ ಹೆಸರು ದಪ್ಪ ಅಕ್ಷರದಲ್ಲಿ, ಬೇರೆ ಖಾಸಗಿ ಶಾಲೆಗೆ ಸೇರಿಸಿದರೆ ಏನು ಬಂತು, ಅವಳು ಬಿಸಾಕಿದ ಮಗುವನ್ನು ಸರ್ಕಾರಿ ಶಾಲೆಯೇ ಎತ್ತಿ ನಿಲ್ಲಿಸಿತು ಅಂತ ಬೀದಿಯಲ್ಲಿ ಹೋಗುವವರೆಲ್ಲ ಓದಬೇಕು, ಅದರ ರುಚಿಯೇ ಬೇರೆ — ಮಿಥುನ್‌ಗೆ ಇದೆಲ್ಲ ಅರ್ಥವಾಗುವುದಿಲ್ಲ, ನನ್ನ ಗಂಡ ದೇವರಂಥ ಮನುಷ್ಯ, ಬಿಡು, ಎಲ್ಲಾ ಕಡೇನೂ ಇದೇ ಕತೆ, ಇನ್ನೊಂದು ಸ್ಕೂಲ್ ನೋಡದಪ್ಪ, ಅದಕ್ಯಾಕೆ ಮೈ ಪರಚ್ಕೊಂತೀಯ ಅನ್ನುತ್ತಾನೆ, ಅವನ ತಾಯಿ ಪ್ರೇಮಮ್ಮ ಫೋನಿನಲ್ಲಿ, ಗೌರ್ಮೆಂಟ್ ಇಸ್ಕೂಲಾ, ಯಾಕವ್ವಾ, ಇಬ್ರೂ ದುಡೀತಿದೀರಿ, ಮಗೂನ ಇಲ್ಲಿಗೇ ಕಳಿಸ್‌ಬುಡು, ಮಂಡ್ಯದಲ್ಲಿ ಏನ್ ಇಸ್ಕೂಲಿಲ್ವಾ ಅಂದರು, ಅವರಿಗೂ ಆ ಫ್ಲೆಕ್ಸಿನ ಫೋಟೋ ಕಳಿಸುತ್ತೇನೆ, ಕಚೇರಿಯಲ್ಲಿ ಅಯ್ಯೋ ಪಾಪ ಅಂದ ಅಕೌಂಟ್ಸಿನವರಿಗೂ ಕಳಿಸುತ್ತೇನೆ, ಸೀದಾ ಹತ್ತನೆಯದಕ್ಕೆ ಸೇರಿಸಿದ್ರೆ, ಆರನೇ ಕ್ಲಾಸಿಂದ ಸರ್ಕಾರಿ ಶಾಲೇಲೇ ಓದಿದವರಿಗೆ ಕೊಡೋ ಮೆಡಿಕಲ್ ಸೀಟಿನ ಕೋಟಾನೂ ಸಿಗಲ್ಲ, ಮತ್ಯಾಕೆ ಅಂತ ಕೇಳಿದರಲ್ಲ, ಕೋಟಾಕ್ಕೆ ಯಾರು ಬಂದರು, ನಾನು ಬಂದದ್ದು ಸೇಡಿಗೆ, ಈ ಮಾತನ್ನು ಯಾರಿಗೂ ಹೇಳಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ.

ಒಬ್ಬ ಹುಡುಗಿ ಬಂದಳು, ಎರಡು ಜಡೆ ಮಡಿಚಿ ಕಟ್ಟಿದ್ದಾಳೆ, ಕೈಯಲ್ಲಿ ಹಾಜರಿ ಪುಸ್ತಕಗಳ ಕಟ್ಟು, ಅದನ್ನು ಒಳಗಿಟ್ಟು ಹೊರಗೆ ಬಂದವಳು ಗಗನಾ ಮುಂದೆ ನಿಂತೇಬಿಟ್ಟಳು, ಟೆಂತಾ, ಹೌದು ಟೆಂತು, ಹೆಸರೇನು, ಗಗನಾ, ನಾನು ಯೋಗಲಕ್ಷ್ಮಿ, ಯೋಗಿ ಅಂತಾರೆ, ಬಾ, ಕ್ಲಾಸು ತೋರಿಸ್ತೀನಿ — ಎಲ್ಲ ತಮಿಳಿನಲ್ಲಿ, ಸರಸರ ಅಂತ, ನನ್ನ ಮುಖ ನೋಡಿದಳು ಗಗನಾ, ಹೋಗು ಅಂದೆ, ಬೆಂಚು ನನ್ನ ಕಡೆಗೆ ವಾಲಿತು, ಅಷ್ಟರಲ್ಲಿ ಪರದೆ ಸರಿಸಿಕೊಂಡು ಬಂದವರು ಗಣಿತದ ಟೀಚರು, ಸುಮೇಧಾ ಅಂತ ಹೆಸರು, ಹತ್ತಿಯ ಸೀರೆ, ತೋಳಿನ ಮೇಲೆಲ್ಲ ಸೀಮೆಸುಣ್ಣದ ಪುಡಿ, ಹೆಡ್‌ಮಿಸ್ಟ್ರೆಸ್ ಮೀಟಿಂಗಿಗೆ ಹೋಗಿದ್ದಾರಂತೆ, ಇವರೇ ಶಾಲೆ ತೋರಿಸುತ್ತಾರಂತೆ, ವಾಂಗ ಮಾ ವಾಂಗ, ಬನ್ನಿ ಬನ್ನಿ ಅಂದರು, ನನ್ನ ಹರಕು ತಮಿಳಿನಲ್ಲಿ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತ ಹಿಂದೆಯೇ ಹೋದೆ, ಇಂಗ್ಲಿಷ್ ಮೀಡಿಯಂ ಇದೆಯಾ, ಇದೆ, ಒಂದು ಸೆಕ್ಷನ್, ತುಂಬಿ ತುಳುಕುತ್ತಿದೆ, ಬೆಂಚಿಗೆ ನಾಲ್ಕು ಜನ ಒತ್ತಿಕೊಂಡು ಕೂರುತ್ತಾರೆ, ಕಂಪ್ಯೂಟರ್ ಲ್ಯಾಬ್ ಇದೆಯಾ, ಇದೆ, ನೋಡಿ, ನೆಟ್ ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ, ವಿಜ್ಞಾನಕ್ಕೆ ಟೀಚರು, ಇದ್ದಾರೆ, ತುಂಬಾ ಒಳ್ಳೆಯವರು, ಗಣಿತಕ್ಕೆ, ನಾನೇ, ಹೋದ ವರ್ಷ ಅರ್ಧ ವರ್ಷ ಯಾರೂ ಇರಲಿಲ್ಲ, ನಾನು ವರ್ಗವಾಗಿ ಬಂದದ್ದು ದೀಪಾವಳಿ ಕಳೆದ ಮೇಲೆ, ಫಲಿತಾಂಶ — ಕೆಲವರು ಹೋದರು ಮಾ, ಜುಲೈ ಮರುಪರೀಕ್ಷೆಗೆ ಅವರನ್ನು ಈಗ ಸಂಜೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದೇನೆ, ಎಲ್ಲವನ್ನೂ ಒಂದೇ ಧ್ವನಿಯಲ್ಲಿ ಹೇಳಿದರು, ಒಳ್ಳೆಯದಕ್ಕೂ ಕೆಟ್ಟದಕ್ಕೂ ಒಂದೇ ಧ್ವನಿ, ಆಡಿಟ್ಟಿನಲ್ಲಿ ಇಂಥವರು ಸಿಕ್ಕರೆ ನನಗೆ ಕೆಲಸವೇ ಇರುವುದಿಲ್ಲ, ಕೇಳುವ ಮೊದಲೇ ಒಪ್ಪಿಕೊಳ್ಳುತ್ತಾರೆ, ನಾನು ಮಾತ್ರ ತಲೆಯಾಡಿಸುತ್ತ ಪಾಸು ಪಾಸು ಅನ್ನುತ್ತಲೇ ಇದ್ದೆ, ಗಣಿತ ನಾನು ಮನೆಯಲ್ಲಿ ರುಬ್ಬಿಸುತ್ತೇನೆ, ಟ್ಯೂಷನ್ನಿಗೆ ಹಾಕುತ್ತೇನೆ, ಇವರು ಬರೀ ಹೆಸರಿಗೆ ಶಾಲೆಯಾಗಿ ನಿಂತರೆ ಸಾಕು, ಫ್ಲೆಕ್ಸಿನ ಕೊನೆಯ ಸಾಲಾಗಿ.

ಗಗನಾ ಹತ್ತನೇ ಕ್ಲಾಸಿನ ಬಾಗಿಲಲ್ಲಿ ಸಿಕ್ಕಳು, ಯೋಗಲಕ್ಷ್ಮಿಯ ಜೊತೆ ಏನೋ ಪಿಸುಗುಡುತ್ತಿದ್ದವಳು ನನ್ನನ್ನು ಕಂಡು ನಿಲ್ಲಿಸಿದಳು, ಮುಖದಲ್ಲಿ ಏನೂ ಓದಲಾಗಲಿಲ್ಲ, ಬೇಡ ಅನ್ನುತ್ತಾಳೋ ಏನೋ ಎಂದು ದಿಗಿಲಾಯಿತು, ಈ ಊರಿನಲ್ಲಿ ನಮಗೆ ಒಂದು ಅನುಕೂಲವಿದೆ, ತರಕಾರಿಯವನ ಮುಂದೆಯೇ ಬದನೆಕಾಯಿ ಹುಳುಕು ಅನ್ನಬಹುದು, ಲಿಫ್ಟಿನಲ್ಲಿ ಎದುರಿಗಿದ್ದವರ ಸೀರೆಯನ್ನು ಆಡಿಕೊಳ್ಳಬಹುದು, ಕನ್ನಡದಲ್ಲಿ ಏನು ಬೇಕಾದರೂ ಅನ್ನಬಹುದು, ಯಾರಿಗೂ ತಿಳಿಯುವುದಿಲ್ಲ, ಅದೇ ರೂಢಿಯಲ್ಲಿ ಟೀಚರು ಪಕ್ಕದಲ್ಲಿರುವಾಗಲೇ ಅಂದೆ — ನೋಡು ಪುಟ್ಟಾ, ಜಾಗ ಗಲೀಜು, ಗೊತ್ತು, ಈ ಟೀಚ್ರು ಪಾಪ ಏನೋ ಹೇಳ್ಕೊಡ್ತಾರೆ, ನೀನು ತಲೆ ಕೆಡಿಸ್ಕೋಬ್ಯಾಡ, ಪಾಠ ಎಲ್ಲಾ ನಾನು ನೋಡ್ಕೊಳ್ತೀನಿ, ಒಂದೇ ಒಂದು ವರ್ಷ ಹಲ್ಲು ಕಚ್ಕೊಂಡು ಇದ್ಬುಡು, ರಿಸಲ್ಟ್ ಬಂದ್ ದಿನ ಆ ಕರೆಸ್ಪಾಂಡೆಂಟ್ ಗೇಟ್ ಮುಂದೇನೇ ನಿನ್ನ ಫ್ಲೆಕ್ಸ್ ನಿಲ್ಸಿ ಅವ್ಳ ನೀರಿಳಿಸ್ತೀನಿ, ಅಷ್ಟಾದ್ರೆ ಸಾಕು, ಆಮೇಲೆ ಎಲ್ಲಿಗ್ ಬೇಕಾದ್ರೂ ಹೋಗುವಂತೆ — ಗಗನಾ ನೆಲ ನೋಡಿದಳು, ಟೀಚರು ಕೈಯ ಸೀಮೆಸುಣ್ಣ ಒರೆಸಿಕೊಂಡರು, ಸಾವಕಾಶವಾಗಿ, ಒಂದೊಂದೇ ಬೆರಳು, ಆಮೇಲೆ ಕನ್ನಡದಲ್ಲಿ ಮಾತಾಡಿದರು, ಕನ್ನಡದಲ್ಲಿ, ತಮಿಳು ಬೆರೆತಿದ್ದರೂ ಕನ್ನಡವೇ — ಪರವಾಯಿಲ್ಲೆ ಅಮ್ಮ, ಗಾಬರಿ ಆಗ್‌ಬೇಡಿ, ನಮ್ಮನೆ ಮೈಲಾಪೂರು, ನಾಲ್ಕು ತಲೆಮೊರೆಯಾಗಿ ಇಲ್ಲೇ ಇರೋದು, ನಮ್ಮಪ್ಪ ವಿಷ್ಣುತೀರ್ಥಾಚಾರ್ರು ಈಗ್ಲೂ ಮನೇಲಿ ಕನ್ನಡ ಬಿಟ್ಟು ಬೇರೆ ಮಾತಾಡ್ಲಿಕ್ಕೆ ಬಿಡೋದಿಲ್ಲ, ಗಲೀಜು ಅಂದದ್ದು ಸರಿಯೇ, ಅದಕ್ಕೆ ನನಗೆ ಕೋಪ ಇಲ್ಲ, ಆದ್ರೆ ಒಂದು ಮಾತು ಸೊಲ್ತೀನಿ, ತಪ್ಪಾ ನಿನೆಸ್ಬೇಡಿ, ಇಲ್ಲಿ ಫ್ಲೆಕ್ಸ್ ಕಟ್ಟೋ ಅಷ್ಟು ಮಾರ್ಕ್ಸ್ ಕಂಡಿಪ್ಪಾ ಬರುತ್ತೆ ಅಂತ ನಾನು ವಾಕ್ಕು ಕೊಡ್ಲಿಕ್ಕಾಗೋಲ್ಲ, ಈ ಮಗು ಫೇಲಾಗೋಕೆ ಬಿಡೋದಿಲ್ಲ, ಅಷ್ಟು ಮಾತ್ರ ಹೇಳ್ಬಲ್ಲೆ, ನಿಮಗೆ ಬೇಕಾದ್ದು ಅದಲ್ಲ ಅಂತ ಕಾಣುತ್ತೆ — ಮತ್ತೆ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು, ನಿನಗೆ ಏನು ವೇಣುಮ್ಮಾ, ನಿನಗೇನು ಬೇಕು, ಇಲ್ಲಿ ಸೇರ್ಲಿಕ್ಕೆ ಇಷ್ಟವಾ, ಗಗನಾ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಟಾಯ್ಲೆಟ್ ಪೋಯಿಟ್ಟು ವರೇನ್ ಅಂದು ಯೋಗಲಕ್ಷ್ಮಿಯ ಹಿಂದೆ ಹೊರಟುಹೋದಳು.

ಎಷ್ಟು ಧೈರ್ಯ, ಎಷ್ಟು ಧೈರ್ಯ ಈ ಹೆಂಗಸಿಗೆ, ನನ್ನ ಮಗಳ ಮುಂದೆ ನನ್ನನ್ನು ಹರಾಜು ಹಾಕಲು, ಕದ್ದು ಕೇಳಿಸಿಕೊಂಡು ಮೇಲೆ ಬುದ್ಧಿವಾದ ಬೇರೆ, ಮೊದಲೇ ಹೇಳಬಾರದಿತ್ತೇ ಕನ್ನಡ ಬರುತ್ತದೆ ಅಂತ, ನನ್ನ ಹರಕು ತಮಿಳು ಕೇಳಿದಾಗಲೇ ಕನ್ನಡದವಳು ಅಂತ ತಿಳಿದಿರಬೇಕು, ಸುಮ್ಮನೆ ತಮಿಳಿನಲ್ಲಿ ಆಟ ಆಡಿಸಿದರು, ಇವರಿಗೂ ಇದೆ, ಇವರಿಗೂ ಕಾಣಿಸುತ್ತೇನೆ, ನಿಮ್ಮ ಶಾಲೆಯನ್ನು ಇಷ್ಟು ಹೊತ್ತು ಪಾಸು ಮಾಡಿದವಳು ನಾನು, ಈಗ ನೋಡಿ, ಬಕೆಟ್ಟಿನಲ್ಲಿ ಮರಳಿಲ್ಲ, ಫೇಲ್, ಸಿಲಿಂಡರ್ ಫೇಲ್, ಕಂಬಿಯಿಲ್ಲದ ಮೆಟ್ಟಿಲಿನಲ್ಲಿ ಮಕ್ಕಳು ದಡದಡ ಇಳಿಯುತ್ತಾರೆ, ಬೀಳಲಿ ಅಂತ ಕಾಯುತ್ತಿದ್ದೀರಾ, ಫೇಲ್, ಸ್ವಿಚ್ ಬೋರ್ಡಿನಿಂದ ತಂತಿ ಹೊರಗೆ ಬಂದಿದೆ, ಕುಡಿಯುವ ನೀರಿನ ಟ್ಯಾಂಕು ಕೊನೆಯ ಸಲ ಯಾವಾಗ ತೊಳೆದರು ಅಂತ ಎಲ್ಲೂ ಬರೆದಿಲ್ಲ, ಫೇಲ್, ಫೇಲ್, ಶಿಕ್ಷಣ ಇಲಾಖೆಗೆ ಒಂದು ದೂರು ಗೀಚಿದರೆ ಸಾಕು, ಹೇಗೆ ಗೀಚಬೇಕು ಅಂತ ನನಗೆ ಚೆನ್ನಾಗಿ ಗೊತ್ತು, ಒಂದು ಅಕ್ಷರ ಸುಳ್ಳಿಲ್ಲದೆ ಚರ್ಮ ಸುಲಿಯಬಲ್ಲೆ, ಟೀಚರು ಇನ್ನೂ ಅಲ್ಲೇ ನಿಂತಿದ್ದರು, ಯೋಚಿಸಿ ಸೊಲ್ಲಿ ಅಮ್ಮ, ಅವಸರ ಏನಿಲ್ಲ, ಅಡ್ಮಿಷನ್ ಇನ್ನೂ ತೆರೆದಿದೆ ಅಂದರು, ಆ ಧ್ವನಿಯಲ್ಲಿ ವ್ಯಂಗ್ಯ ಇದ್ದಿದ್ದರೆ ನನಗೆ ಹಾಯೆನಿಸುತ್ತಿತ್ತು, ಇರಲಿಲ್ಲ, ಅದಕ್ಕೇ ಇನ್ನೂ ಉರಿಯಿತು, ಮಗಳನ್ನು ಕರೆದುಕೊಂಡು ಬರ್ತೀನಿ ಅಂದು ಬಿರಬಿರನೆ ನಡೆದೆ, ಹೊರಟುಬಿಡಬೇಕು, ಇವತ್ತೇ ಬೇರೆ ಶಾಲೆ, ಮಿಥುನ್ ಹೇಳಿದ ಯಾವುದೋ ಒಂದು, ಆದರೆ ಅಲ್ಲಿ ಮೊದಲು ಬಂದರೆ ಯಾರ ನೀರಿಳಿಯುತ್ತದೆ, ಆ ಕರೆಸ್ಪಾಂಡೆಂಟ್ ಅಯ್ಯೋ ನಮ್ಮ ಪಕ್ಕದ ಶಾಲೆಯವರು ಅಂದುಕೊಂಡು ಕಾರಿನ ಗಾಜು ಏರಿಸಿಕೊಂಡು ಹೋಗುತ್ತಾಳೆ, ಇಲ್ಲ, ಇಲ್ಲೇ ಸೇರಿಸಬೇಕು, ಇವರನ್ನೂ ಸಹಿಸಿಕೊಂಡು ಇಲ್ಲೇ, ಇಲ್ಲ, ಹೊರಡಬೇಕು, ನೀರಿನ ತೊಟ್ಟಿ ದಾಟಿ, ಸೈಕಲ್‌ಗಳ ಸಾಲು ದಾಟಿ, ಬೇವಿನ ಮರದ ಹಿಂದೆ ಹೆಣ್ಣುಮಕ್ಕಳ ಟಾಯ್ಲೆಟ್ಟು ಇತ್ತು.

ಸಾಲಾಗಿ ಬಾಗಿಲುಗಳು, ಹಸಿರು ಬಣ್ಣ, ನೆಲ ತೊಳೆದಿದ್ದಾರೆ, ನೀರಿದೆ, ನಲ್ಲಿಯ ಕೆಳಗೆ ಮಗ್ಗು ಇದೆ, ಕಣ್ಣು ತನ್ನ ಪಾಡಿಗೆ ತಾನು ನೋಡುತ್ತ ಹೋಯಿತು, ಕೊನೆಯ ಬಾಗಿಲಿಗೆ ಚಿಲಕವಿಲ್ಲ, ಇದ್ದ ಕಡೆ ನಾಲ್ಕು ತೂತು ಮಾತ್ರ, ಫೇಲ್, ಇದಕ್ಕಿಂತ ದೊಡ್ಡ ಫೇಲ್ ಇಲ್ಲ, ಹದಿನಾಲ್ಕು ಹದಿನೈದರ ಹುಡುಗಿಯರಿಗೆ ಚಿಲಕವಿಲ್ಲದ ಬಾಗಿಲು, ಆ ಬಾಗಿಲ ಮುಂದೆ ಗಗನಾ ನಿಂತಿದ್ದಾಳೆ, ಬೆನ್ನು ನನ್ನ ಕಡೆ, ಬಲಗೈಯನ್ನು ಬಾಗಿಲ ಮೇಲೆ ಅಗಲವಾಗಿ ಊರಿದ್ದಾಳೆ, ಬಾ ಹೋಗೋಣ ಅಂದೆ, ಒರು ನಿಮಿಷಂ ಮಾ, ಉಳ್ಳ ಯೋಗಿ ಇರುಕ್ಕಾ, ಒಳಗೆ ಯೋಗಿ ಇದ್ದಾಳೆ, ಇರಲಿ, ಬಾ ನೀನು, ನಾನು ಹೊರಡ್ಬೇಕು, ಇಲ್ಲಿ ಬೇಡ ನಮ್ಗೆ, ಬಾರೇ ಅಂದ್ರೆ — ಗಗನಾ ಕದಲಲಿಲ್ಲ, ತಲೆಯನ್ನು ಮಾತ್ರ ತಿರುಗಿಸಿದಳು, ಕನ್ನಡದಲ್ಲಿ ಅಂದಳು, ಎಷ್ಟೋ ದಿನದ ಮೇಲೆ ನನಗೆ ಕನ್ನಡದಲ್ಲಿ ಅಂದಳು, ಕೈ ತೆಗೆದ್ರೆ ಬಾಗ್ಲು ತಾನೇ ತೆರ್ಕೊಳುತ್ತಮ್ಮಾ, ನಾನು ಒಳಗಿದ್ದಾಗ ಅವ್ಳು ಹಿಡ್ಕೊಂಡಿದ್ಲು — ಅಷ್ಟೇ, ಅಷ್ಟು ಹೇಳಿ ಮತ್ತೆ ಬಾಗಿಲ ಕಡೆ ತಿರುಗಿದಳು, ದೂರು, ಹೌದು, ದೂರು ಬರೆಯಬೇಕು, ಚಿಲಕ, ನಾಲ್ಕು ಮೊಳೆ, ಯಾರಿಗೂ ಇಷ್ಟು ದಿನ ಹೊಳೆಯಲಿಲ್ಲವೇ, ಇಲ್ಲ, ಫ್ಲೆಕ್ಸು, ಮುಂದಿನ ಮೇ, ಕಾರು ಗೇಟಿನಿಂದ ಹೊರಗೆ ಬರುತ್ತದೆ, ಅವಳು ತಲೆಯೆತ್ತುತ್ತಾಳೆ, ಅವಳ ಮುಖ, ಆ ಮುಖವನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ, ದಿನವೂ ಬೆಳಿಗ್ಗೆ ಹಲ್ಲುಜ್ಜುವಾಗ ತಂದುಕೊಳ್ಳುವ ಮುಖ, ಬರಲಿಲ್ಲ, ಮತ್ತೆ ನೋಡಿದೆ, ಮಾಳಿಗೆ ಬಂತು, ಚೌಕಟ್ಟು ಬಂತು, ಚೌಕಟ್ಟಿನ ಒಳಗೆ ಏನೂ ಇರಲಿಲ್ಲ, ಅಳು ಬರುತ್ತಿದೆ, ನನಗೆ ಯಾಕೆ ಅಳು, ಸೇಡು ಎಲ್ಲಿ ಹೋಯಿತು, ಬಿಡುವುದಿಲ್ಲ ಅಂದಿದ್ದೆನಲ್ಲ, ಬಿಡುವುದಿಲ್ಲ, ಆ ಹೆಂಗಸನ್ನು — ಒಳಗೆ ನೀರಿನ ಸದ್ದು, ಗಾಳಿಗೆ ಬಾಗಿಲು ಒಮ್ಮೆ ಅದುರಿತು, ಗಗನಾ ಇನ್ನೊಂದು ಹೆಜ್ಜೆ ಮುಂದೆ ಸರಿದು ಕೈಯನ್ನು ಗಟ್ಟಿಯಾಗಿ ಒತ್ತಿದಳು, ಆ ಹೆಂಗಸನ್ನು, ಆ ಹೆಂಗಸು, ಯಾರೋ ಬೇವಿನ ಮರದ ಕಡೆಯಿಂದ ಗಗನಾ ಎಂದು ಕರೆಯುತ್ತಿದ್ದಾರೆ, ಗಗನಾ ತಿರುಗುವುದಿಲ್ಲ, ಹಸಿರು ಬಾಗಿಲು, ಅದರ ಮೇಲೆ ಅವಳ ಕೈ, ಉಗುರಿನ ಬುಡ ಬೆಳ್ಳಗಾಗುವಷ್ಟು ಒತ್ತಿದ ಕೈ, ಆ ಹೆಂಗಸು — ಕೈ, ಹಸಿರು ಬಾಗಿಲ ಮೇಲೆ ನನ್ನ ಮಗಳ ಕೈ.